ಟೆಲಿವಿಷನ್ ಕಂಬ ಉರುಳಿದಾಗ

ನೆರೆ, ಬಿರುಗಾಳಿ, ಬೆಂಕಿ, ಭೂಕಂಪ ಮೊದಲಾದ ಉತ್ಪಾತಗಳು ಒದಗಿದಾಗ ಜನರಿಗೆ ಮೊತ್ತಮೊದಲು ಬೇಕಾಗುವುದು ನೀರು, ಅನ್ನ ಮತ್ತು ಆಸರೆ. ಇವುಗಳಷ್ಟೇ ಅವಶ್ಯಕವಾದ ಇನ್ನೊಂದು ವಸ್ತುವೂ ಇದೆ. ಅದೇ ಸುದ್ದಿ. ಯಾವ ದಾರಿ ತೆರೆದಿದೆ, ಯಾವ ಸೇತುವೆ ಮುಚ್ಚಿದೆ, ಅಪಾಯ ಮುಗಿಯಿತೋ ಇನ್ನೂ ಬರಲಿದೆಯೋ ಎಂಬುದು ತಿಳಿಯದೆ ಹೋದರೆ ಭಯವೇ ಎರಡನೆಯ ಉತ್ಪಾತವಾಗುತ್ತದೆ. ಸುದ್ದಿಯನ್ನು ಹೊತ್ತು ತರುವ ಸಾಧನವೇ ಆ ಉತ್ಪಾತಕ್ಕೆ ಬಲಿಯಾದರೆ ಗತಿಯೇನು?

2001ನೆಯ ಇಸವಿ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ನಗರದಲ್ಲಿ ನಡೆದುದು ಇದೇ. ಅಂದು ವರ್ಲ್ಡ್ ಟ್ರೇಡ್ ಸೆಂಟರಿನ ಎರಡು ಗೋಪುರಗಳು ಭಯೋತ್ಪಾದಕರ ದಾಳಿಗೆ ತುತ್ತಾಗಿ ಕುಸಿದ ಸಂಗತಿ ವಾಚಕರೆಲ್ಲರಿಗೂ ತಿಳಿದಿದೆ. ಆದರೆ ಉತ್ತರದ ಗೋಪುರದೊಡನೆ ಆ ಮಹಾನಗರದ ಬಹುತೇಕ ಟೆಲಿವಿಷನ್ ನಿಲಯಗಳ ಪ್ರಸಾರದ ಕಂಬವೂ ನೆಲಕ್ಕೆ ಬಿದ್ದಿತೆಂಬುದು ಅಷ್ಟಾಗಿ ತಿಳಿಯದು. ಕಂಬವಿಲ್ಲದೆ ಚಿತ್ರವನ್ನು ಮನೆಮನೆಗೆ ಮರಳಿ ತಲುಪಿಸಿದ ಇಂಜಿನಿಯರುಗಳು ಎಂತಹ ತೊಡಕುಗಳನ್ನು ಎದುರಿಸಿದರು, ಅವುಗಳ ಹಿಂದಿರುವ ಭೌತಶಾಸ್ತ್ರದ ನಿಯಮಗಳಾವುವು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಚಿತ್ರ ಬರುವ ದಾರಿ

ಟೆಲಿವಿಷನ್ ಚಿತ್ರ ನಮ್ಮ ಮನೆಗೆ ಬರುವ ದಾರಿಯನ್ನು ಒಂದು ಸರಪಣಿಗೆ ಹೋಲಿಸಬಹುದು. ಮೊದಲ ಕೊಂಡಿ ಸ್ಟುಡಿಯೊ. ಅಲ್ಲಿ ಕ್ಯಾಮೆರವು ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. ಎರಡನೆಯದು ಸ್ಟುಡಿಯೊದಿಂದ ಪ್ರೇಷಕ ಯಂತ್ರದವರೆಗಿನ ಸಂಪರ್ಕ. ಸ್ಟುಡಿಯೊ ಊರಿನ ನಡುವೆ ಇರುತ್ತದೆ. ಪ್ರೇಷಕವು ಎತ್ತರದ ಜಾಗದಲ್ಲಿರುತ್ತದೆ. ಅವೆರಡರ ನಡುವೆ ಸೂಕ್ಷ್ಮ ತರಂಗಗಳ ಕಿರಣವಾಗಲಿ ಗಾಜಿನ ಎಳೆಯ ತಂತಿಯಾಗಲಿ ಸಂಕೇತವನ್ನು ಒಯ್ಯುತ್ತದೆ. ಮೂರನೆಯ ಕೊಂಡಿ ಪ್ರೇಷಕ ಯಂತ್ರ. ಅದು ಸೆಕೆಂಡಿಗೆ ಕೋಟ್ಯಂತರ ಸಲ ಕಂಪಿಸುವ ಪ್ರಬಲ ವಿದ್ಯುತ್ ಪ್ರವಾಹವನ್ನು ಉಂಟುಮಾಡಿ, ಅದರ ಮೇಲೆ ಚಿತ್ರದ ಸಂಕೇತವನ್ನು ಹೇರುತ್ತದೆ. ನಾಲ್ಕನೆಯದು ಆಂಟೆನ. ಆ ಪ್ರವಾಹವನ್ನು ಅದು ವಿದ್ಯುತ್ಕಾಂತ ತರಂಗಗಳನ್ನಾಗಿ ಆಕಾಶಕ್ಕೆ ಬಿಡುತ್ತದೆ. ಕೊನೆಯ ಕೊಂಡಿ ನಮ್ಮ ಮನೆಯ ಮೇಲಿನ ಆಂಟೆನ ಮತ್ತು ಕೆಳಗಿನ ಗ್ರಾಹಕ ಯಂತ್ರ.

ಸರಪಣಿಯ ಒಂದು ಕೊಂಡಿ ಕಡಿದರೂ ಸರಪಣಿ ಕಡಿದಂತೆಯೇ ಸರಿ. ನ್ಯೂಯಾರ್ಕಿನಲ್ಲಿ ಸ್ಟುಡಿಯೊಗಳಿಗೆ ಹಾನಿಯಾಗಿರಲಿಲ್ಲ. ಮನೆಗಳ ಗ್ರಾಹಕ ಯಂತ್ರಗಳೂ ಸರಿಯಾಗಿದ್ದವು. ವರದಿಗಾರರು ಬೀದಿಯಲ್ಲಿದ್ದರು, ಕ್ಯಾಮೆರಗಳು ನಡೆಯುತ್ತಿದ್ದವು. ಇಲ್ಲವಾದುವು ಮೂರನೆಯ ಮತ್ತು ನಾಲ್ಕನೆಯ ಕೊಂಡಿಗಳು ಮಾತ್ರ. ಆದರೆ ಆ ಎರಡು ಕೊಂಡಿಗಳನ್ನು ಮತ್ತೊಮ್ಮೆ ಬೆಸೆಯುವುದು ಸುಲಭದ ಕೆಲಸವಲ್ಲ. ಏಕೆಂದರೆ ಅವುಗಳಿಗೆ ಎತ್ತರ ಬೇಕು.

ಎತ್ತರವೇಕೆ ಬೇಕು?

ಮಧ್ಯಮ ತರಂಗದ ರೇಡಿಯೊ ನಿಲಯದ ಅಲೆಗಳು ನೂರಾರು ಮೀಟರು ಉದ್ದದವು. ಅವು ಭೂಮಿಯ ಮೈಯನ್ನು ಅನುಸರಿಸಿ ಬಾಗಿ ನಡೆಯಬಲ್ಲವು. ಟೆಲಿವಿಷನ್ನಿನ ಅಲೆಗಳಾದರೋ ಗಿಡ್ಡವಾದುವು. ಅಮೆರಿಕದಲ್ಲಿ 2ನೆಯ ಚಾನೆಲಿನ ಕಂಪನಾಂಕ ಸೆಕೆಂಡಿಗೆ 54ರಿಂದ 60 ದಶಲಕ್ಷ, ಅಂದರೆ 54ರಿಂದ 60 ಮೆಗಾಹರ್ಟ್ಸ್. ಬೆಳಕಿನ ವೇಗವಾದ ಸೆಕೆಂಡಿಗೆ 30 ಕೋಟಿ ಮೀಟರನ್ನು ಇದರಿಂದ ಭಾಗಿಸಿದರೆ ಅಲೆಯುದ್ದ ಸುಮಾರು 5 ಮೀಟರಿಗಿಂತ ಸ್ವಲ್ಪ ಹೆಚ್ಚು ಎಂದು ತಿಳಿಯುತ್ತದೆ. 13ನೆಯ ಚಾನೆಲಿನ ಅಲೆಯುದ್ದ 1.4 ಮೀಟರು. ಇನ್ನೂ ಮೇಲಿನ ಚಾನೆಲುಗಳಲ್ಲಿ ಅದು ಅರ್ಧ ಮೀಟರಿನಷ್ಟು ಮಾತ್ರ. ಇಂತಹ ಗಿಡ್ಡ ಅಲೆಗಳ ನಡತೆ ಬಹುಮಟ್ಟಿಗೆ ಬೆಳಕಿನ ನಡತೆಯಂತೆಯೇ. ಅವು ನೇರವಾಗಿ ಸಾಗುತ್ತವೆ. ಅಡ್ಡಬಂದ ವಸ್ತುವಿನ ಹಿಂದೆ ನೆರಳನ್ನು ಉಂಟುಮಾಡುತ್ತವೆ.

ಗುಡಿಯ ಮುಂದಿನ ದೀಪಸ್ತಂಭವನ್ನು ನೆನೆಯಿರಿ. ದೀಪವನ್ನು ನೆಲದ ಮೇಲಿಟ್ಟರೆ ಅದು ಅಂಗಳಕ್ಕೆ ಮಾತ್ರ ಕಾಣುತ್ತದೆ. ಸ್ತಂಭದ ತುದಿಗೆ ಏರಿಸಿದರೆ ಊರಾಚೆಗೂ ಕಾಣುತ್ತದೆ. ದೀಪವೇನೂ ದೊಡ್ಡದಾಗಲಿಲ್ಲ, ಅದರ ದಿಗಂತ ದೂರ ಸರಿಯಿತು. ಟೆಲಿವಿಷನ್ ಆಂಟೆನದ ದಿಗಂತವನ್ನು ಲೆಕ್ಕ ಹಾಕಲು ಒಂದು ಸರಳ ಸೂತ್ರವಿದೆ. ಆಂಟೆನದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರುಗಳಲ್ಲಿ ಬರುತ್ತದೆ. ಕೇವಲ ರೇಖಾಗಣಿತದಿಂದ ಬರುವ ಗುಣಕ 3.57 ಮಾತ್ರ. ವಾಯುಮಂಡಲವು ಮೇಲೇರಿದಂತೆ ವಿರಳವಾಗುವುದರಿಂದ ಅಲೆಗಳು ಕೊಂಚ ಕೆಳಕ್ಕೆ ಬಾಗುತ್ತವೆ. ಆದುದರಿಂದ ರೇಡಿಯೊ ದಿಗಂತ ಕಣ್ಣಿನ ದಿಗಂತಕ್ಕಿಂತ ತುಸು ಆಚೆಗಿರುತ್ತದೆ.

ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರ ಗೋಪುರದ ಮಾಳಿಗೆ ನೆಲದಿಂದ 417 ಮೀಟರು ಎತ್ತರದಲ್ಲಿದ್ದಿತು. ಅದರ ಮೇಲೆ ಸುಮಾರು 110 ಮೀಟರಿನ ಕಂಬ. ಆ ಕಂಬದ ಒಂದು ಆಂಟೆನ 500 ಮೀಟರು ಎತ್ತರದಲ್ಲಿದ್ದಿತೆಂದು ಇಟ್ಟುಕೊಳ್ಳೋಣ. ಸೂತ್ರದ ಪ್ರಕಾರ ದಿಗಂತ 92 ಕಿಲೋಮೀಟರು ದೂರ. ಮನೆಯ ಮೇಲಿನ ಆಂಟೆನ 9 ಮೀಟರು ಎತ್ತರದಲ್ಲಿದ್ದರೆ ಅದಕ್ಕೂ ತನ್ನದೇ ಆದ 12 ಕಿಲೋಮೀಟರಿನ ದಿಗಂತವುಂಟು. ಎರಡನ್ನೂ ಕೂಡಿಸಿದರೆ 104 ಕಿಲೋಮೀಟರು! ಒಂದೇ ಕಂಬದಿಂದ ಮೂರು ರಾಜ್ಯಗಳಿಗೆ ಹರಡಿದ ಮಹಾನಗರದ ಪ್ರದೇಶವೆಲ್ಲ ತಲುಪುತ್ತಿದ್ದುದು ಹೀಗೆ.

ಎಲ್ಲರೂ ಒಂದೇ ಕಂಬಕ್ಕೆ

ಇಷ್ಟೊಂದು ನಿಲಯಗಳು ಒಂದೇ ಕಂಬಕ್ಕೆ ಏಕೆ ಬಂದು ಸೇರಿದವು ಎಂಬ ಪ್ರಶ್ನೆ ಸಹಜವಾದುದು. ಇದಕ್ಕೆ ಸ್ವಲ್ಪ ಹಿಂದಿನ ಚರಿತ್ರೆಯನ್ನು ನೋಡಬೇಕು.

ಎಂಪೈರ್ ಸ್ಟೇಟ್ ಕಟ್ಟಡ 1931ರಲ್ಲಿ ಮುಗಿದಾಗ ಅದು ಜಗತ್ತಿನಲ್ಲೇ ಎತ್ತರದ ಕಟ್ಟಡವಾಗಿದ್ದಿತು. ಅದೇ ವರ್ಷ ಆರ್.ಸಿ.ಎ. ಮತ್ತು ಎನ್.ಬಿ.ಸಿ. ಸಂಸ್ಥೆಗಳು ಅದರ ಮೇಲೆ ಪ್ರಾಯೋಗಿಕ ಟೆಲಿವಿಷನ್ ಪ್ರೇಷಕವನ್ನು ಇರಿಸಿದವು. 1950ರ ದಶಕದ ಮೊದಲಲ್ಲಿ ಹಲವು ನಿಲಯಗಳು ಹಂಚಿಕೊಳ್ಳಬಲ್ಲ ಕಂಬವು ಅಲ್ಲಿ ಎದ್ದಿತು. 1970ರ ದಶಕದ ಆರಂಭದಲ್ಲಿ ಅದಕ್ಕಿಂತ ಎತ್ತರವಾದ ಅವಳಿ ಗೋಪುರಗಳು ಮ್ಯಾನ್‌ಹಟನ್ನಿನ ದಕ್ಷಿಣದ ತುದಿಯ ಬಳಿ ತಲೆಯೆತ್ತಿದವು. ಉಕ್ಕಿನ ಆ ಭಾರಿ ಗೋಡೆಗಳು ಟೆಲಿವಿಷನ್ ಅಲೆಗಳಿಗೆ ಕನ್ನಡಿಗಳಂತಾದವು. ನೇರವಾಗಿ ಬಂದ ಅಲೆಯೊಂದು, ಗೋಪುರಕ್ಕೆ ಬಡಿದು ತಡವಾಗಿ ಬಂದ ಅಲೆ ಇನ್ನೊಂದು. ಹೀಗೆ ಪರದೆಯ ಮೇಲೆ ಮೂಲ ಚಿತ್ರದ ಪಕ್ಕದಲ್ಲೇ ಅದರ ಮಸುಕಾದ ನೆರಳು ಕಾಣತೊಡಗಿತು. ಇದನ್ನು ಅಲ್ಲಿನವರು ಭೂತ ಎಂದು ಕರೆಯುತ್ತಿದ್ದರು.

ಈ ಭೂತ ಪರದೆಯಲ್ಲಿ ಎಲ್ಲಿ ಕಾಣುವುದೆಂಬುದನ್ನು ನಾವೇ ಲೆಕ್ಕ ಹಾಕಬಹುದು. ಹಳೆಯ ಪದ್ಧತಿಯ ಅಮೆರಿಕನ್ ಟೆಲಿವಿಷನ್ನಿನಲ್ಲಿ ಚಿತ್ರದ ಒಂದೊಂದು ಗೆರೆಯ ಕಾಣುವ ಭಾಗವನ್ನು ಬರೆಯಲು ಸೆಕೆಂಡಿನ ದಶಲಕ್ಷದ 53 ಭಾಗಗಳಷ್ಟು ಹೊತ್ತು ಹಿಡಿಯುತ್ತಿದ್ದಿತು. ಅಂತಹ ಒಂದು ಭಾಗದಲ್ಲಿ ಅಲೆ 300 ಮೀಟರು ಸಾಗುತ್ತದೆ. ಪ್ರತಿಫಲಿಸಿದ ಅಲೆ ಒಂದೂವರೆ ಕಿಲೋಮೀಟರು ಹೆಚ್ಚು ದಾರಿ ನಡೆದು ಬಂದರೆ 5 ಭಾಗಗಳಷ್ಟು ತಡವಾಯಿತು. ಅಂದರೆ ಪರದೆಯ ಅಗಲದ ಸುಮಾರು ಹತ್ತನೆಯ ಒಂದಂಶ ಬಲಕ್ಕೆ ಸರಿದು ಎರಡನೆಯ ಚಿತ್ರ ಮೂಡುತ್ತದೆ.

ಕನ್ನಡಿಯಿಂದ ತೊಂದರೆಯಾದರೆ ದೀಪವನ್ನು ಕನ್ನಡಿಯ ಮೇಲೆಯೇ ಇಡುವುದು ಒಂದು ಉಪಾಯ. 1970ರ ದಶಕದ ಕೊನೆಗೆ ಉತ್ತರ ಗೋಪುರದ ನೆತ್ತಿಯ ಮೇಲೆ ಕಂಬ ನಿಂತಿತು. ನಿಲಯಗಳು ಒಂದೊಂದಾಗಿ ಅಲ್ಲಿಗೆ ವಲಸೆ ಹೋದವು. ಒಂದೇ ಕಡೆ ಸೇರುವುದರಲ್ಲಿ ನೋಡುಗರಿಗೂ ಅನುಕೂಲವಿದ್ದಿತು. ಮನೆಯ ಆಂಟೆನವನ್ನು ಒಮ್ಮೆ ಆ ದಿಕ್ಕಿಗೆ ತಿರುಗಿಸಿಬಿಟ್ಟರೆ ಎಲ್ಲ ಚಾನೆಲುಗಳೂ ದೊರೆಯುತ್ತಿದ್ದವು. ಅತ್ಯುತ್ತಮವಾದ ಜಾಗ ಒಂದೇ ಇದ್ದಾಗ ಎಲ್ಲರೂ ಅದನ್ನೇ ಆರಿಸುವುದು ಸ್ವಾಭಾವಿಕ. ಆದರೆ ಎಲ್ಲರಿಗೂ ಒಂದೇ ಆಸರೆಯಾದುದು ಎಲ್ಲರಿಗೂ ಒಂದೇ ಅಪಾಯವೂ ಆಗುತ್ತದೆ.

ಈ ಅಪಾಯದ ಮುನ್ಸೂಚನೆ ದೊರೆಯದೆ ಇರಲಿಲ್ಲ. 1993ನೆಯ ಫೆಬ್ರವರಿ 26ರಂದು ಇದೇ ಕಟ್ಟಡದ ನೆಲಮಾಳಿಗೆಯಲ್ಲಿ ಬಾಂಬು ಸಿಡಿದು ವಿದ್ಯುತ್ ಪೂರೈಕೆ ಕೆಟ್ಟಾಗ ನಗರದ ಬಹುತೇಕ ಟೆಲಿವಿಷನ್ ನಿಲಯಗಳು ಮೂಕವಾದವು. 2ನೆಯ ಚಾನೆಲಿನ ಡಬ್ಲ್ಯು.ಸಿ.ಬಿ.ಎಸ್. ಮಾತ್ರ ಪ್ರಸಾರವನ್ನು ನಡೆಸಿತು. ಆ ನಿಲಯ ಹಳೆಯ ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ಒಂದು ಬದಲಿ ಪ್ರೇಷಕವನ್ನು ಉಳಿಸಿಕೊಂಡಿದ್ದುದೇ ಇದಕ್ಕೆ ಕಾರಣ. ಎಂಟು ವರ್ಷಗಳ ಅನಂತರ ದೊಡ್ಡ ಉತ್ಪಾತ ಬಂದಾಗಲೂ ಹೆಚ್ಚಿನ ನಿಲಯಗಳಿಗೆ ಅಂತಹ ಪೂರ್ಣ ಬದಲಿ ಏರ್ಪಾಡು ಇರಲಿಲ್ಲ.

ಆ ಬೆಳಗ್ಗೆ

2001ರ ಸೆಪ್ಟೆಂಬರ್ 11ರ ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ ಮೊದಲ ವಿಮಾನವು ಉತ್ತರ ಗೋಪುರದ 93ರಿಂದ 99ನೆಯ ಅಂತಸ್ತುಗಳಿಗೆ ಅಪ್ಪಳಿಸಿತು. ಮೆಟ್ಟಿಲ ದಾರಿಗಳೆಲ್ಲ ಅಲ್ಲಿ ಕಡಿದುಹೋದವು. ಟೆಲಿವಿಷನ್ ಪ್ರೇಷಕಗಳಿದ್ದುದು ಅದಕ್ಕೂ ಮೇಲಣ ಅಂತಸ್ತುಗಳಲ್ಲಿ. ಅಂದು ಕೆಲಸದ ಪಾಳಿಯಲ್ಲಿದ್ದ ಆರು ಮಂದಿ ಪ್ರಸಾರ ಇಂಜಿನಿಯರುಗಳಿಗೆ ಕೆಳಗಿಳಿಯುವ ದಾರಿಯೇ ಉಳಿಯಲಿಲ್ಲ. 10 ಗಂಟೆ 28 ನಿಮಿಷಕ್ಕೆ ಗೋಪುರ ಕುಸಿಯಿತು. ಕಂಬವೂ ಅದರೊಡನೆ ಹೋಯಿತು. ಆ ಆರು ಮಂದಿಯೂ ಮರಳಲಿಲ್ಲ.

ನ್ಯೂಯಾರ್ಕಿನ ಪ್ರಸಾರ ಇಂಜಿನಿಯರುಗಳ ವರ್ಗ ದೊಡ್ಡದೇನಲ್ಲ. ಬೇರೆ ಬೇರೆ ನಿಲಯಗಳಲ್ಲಿ ದುಡಿಯುತ್ತಿದ್ದರೂ ಒಂದೇ ಕಟ್ಟಡದ ಅಕ್ಕಪಕ್ಕದ ಕೋಣೆಗಳಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಇವರಲ್ಲಿ ಪರಸ್ಪರ ಪರಿಚಯವಿದ್ದಿತು. ಪ್ರಸಾರವನ್ನು ಮರಳಿ ಕಟ್ಟಬೇಕಾದವರು ತಮ್ಮ ಜೊತೆಗಾರರನ್ನು ಕಳೆದುಕೊಂಡ ದಿನವೇ ಆ ಕೆಲಸಕ್ಕೆ ಕೈಹಾಕಬೇಕಾಯಿತೆಂಬುದನ್ನು ನಾವು ಮರೆಯಬಾರದು.

2ನೆಯ ಚಾನೆಲು ಈ ಸಲವೂ ತನ್ನ ಬದಲಿ ಪ್ರೇಷಕದಿಂದ ಪ್ರಸಾರವನ್ನು ಮುಂದುವರಿಸಿತು. ಉಳಿದ ನಿಲಯಗಳು ತತ್ಕಾಲಕ್ಕೆ ಅಡ್ಡದಾರಿಗಳನ್ನು ಹುಡುಕಿದವು. ಕೇಬಲ್ ಮೂಲಕ ಟೆಲಿವಿಷನ್ ನೋಡುವವರಿಗೆ ಕೆಲವು ನಿಲಯಗಳ ಕಾರ್ಯಕ್ರಮ ಸ್ಟುಡಿಯೊದಿಂದ ಕೇಬಲ್ ಸಂಸ್ಥೆಗೆ ನೇರವಾಗಿ ತಂತಿಯಲ್ಲೇ ಹೋಗುತ್ತಿದ್ದಿತು. ಆ ದಾರಿಗೆ ಕಂಬ ಬೇಕಾಗಿರಲಿಲ್ಲ; ಆದುದರಿಂದ ಅಂತಹವರಿಗೆ ಚಿತ್ರ ತಪ್ಪಲಿಲ್ಲ. ಕೇಬಲ್ ಸಂಸ್ಥೆ ತಾನೂ ಆಂಟೆನದಿಂದಲೇ ಹಿಡಿಯುತ್ತಿದ್ದ ಚಾನೆಲುಗಳು ಮಾತ್ರ ಅಲ್ಲಿಯೂ ಮಾಯವಾದವು. ಇನ್ನು ಕೆಲವು ನಿಲಯಗಳ ಕಾರ್ಯಕ್ರಮವನ್ನು ಬೇರೆ ಕಡೆ ಪ್ರೇಷಕವಿದ್ದ ನಿಲಯಗಳು ತಮ್ಮ ಚಾನೆಲಿನಲ್ಲಿ ಹರಡಿ ನೆರವಾದವು.

ನಿಜವಾಗಿ ಕತ್ತಲೆಯಲ್ಲಿ ಉಳಿದವರು ತಿಂಗಳು ತಿಂಗಳು ಕೇಬಲಿಗೆ ಹಣ ತೆರಲಾರದೆ ಆಂಟೆನವನ್ನೇ ನಂಬಿದವರು. ಆಂಟೆನಕ್ಕೆ ಬರುವ ಚಿತ್ರಕ್ಕೆ ಬೆಲೆಯಿಲ್ಲ. ಅದು ಬಿಸಿಲು ಗಾಳಿಗಳಂತೆ ಎಲ್ಲರಿಗೂ ದೊರೆಯುವಂತಹುದು. ಬೇಗ ಸರಿಪಡಿಸಬೇಕಾದುದು ಆ ದಾರಿಯನ್ನೇ.

ಹಳೆಯ ಗೋಪುರವೊಂದರ ಕಥೆ

ಈಗ ಇಂಜಿನಿಯರುಗಳ ಮುಂದಿದ್ದ ಪ್ರಶ್ನೆ ಎಲ್ಲಿಗೆ ಹೋಗುವುದು ಎಂಬುದು. ಎಂಪೈರ್ ಸ್ಟೇಟ್ ಕಟ್ಟಡದ ಮೇಲೆ ಆಗಲೇ ಅನೇಕ ಎಫ್.ಎಂ. ರೇಡಿಯೊ ನಿಲಯಗಳೂ ಕೆಲವು ಟೆಲಿವಿಷನ್ ನಿಲಯಗಳೂ ಇದ್ದವು. ಅಲ್ಲಿ ಹೊಸಬರಿಗೆ ಒಮ್ಮೆಗೇ ಜಾಗ ಮಾಡಿಕೊಡುವುದು ಸಾಧ್ಯವಿರಲಿಲ್ಲ. ಹಲವು ನಿಲಯಗಳ ಕಣ್ಣು ಹಡ್ಸನ್ ನದಿಯ ಆಚೆ ನ್ಯೂಜೆರ್ಸಿಯ ಆಲ್ಪೈನ್ ಎಂಬ ಊರಿನ ಹಳೆಯ ಗೋಪುರದ ಕಡೆಗೆ ತಿರುಗಿತು.

ಆ ಗೋಪುರದ ಹಿಂದೆ ಒಂದು ಕಥೆಯುಂಟು. ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್ ಎಂಬಾತ ರೇಡಿಯೊ ವಿಜ್ಞಾನದ ಮಹಾಪುರುಷರಲ್ಲೊಬ್ಬ. ಎಲ್ಲ ರೇಡಿಯೊಗಳಲ್ಲಿಯೂ ಬಳಕೆಗೆ ಬಂದ ಸೂಪರ್‌ಹೆಟರೊಡೈನ್ ಮಂಡಲವು ಆತನ ನಿರ್ಮಾಣ. ಅಲೆಯ ಎತ್ತರವನ್ನು ಬದಲಿಸುವುದಕ್ಕೆ ಪ್ರತಿಯಾಗಿ ಅದರ ಕಂಪನಾಂಕವನ್ನು ಬದಲಿಸಿ ಧ್ವನಿಯನ್ನು ಹೇರುವ ಎಫ್.ಎಂ. ಪದ್ಧತಿಗೆ 1933ರಲ್ಲಿ ಆತನಿಗೆ ಪೇಟೆಂಟು ದೊರೆಯಿತು. ಸಿಡಿಲು ಮಿಂಚುಗಳ ಗೊರಗೊರ ಶಬ್ದ ಅಲೆಯ ಎತ್ತರವನ್ನು ಕೆಡಿಸುತ್ತದೆಯೇ ಹೊರತು ಅದರ ಕಂಪನಾಂಕವನ್ನು ಅಷ್ಟಾಗಿ ಕೆಡಿಸದು, ಆದುದರಿಂದ ಎಫ್.ಎಂ. ಧ್ವನಿ ಶುದ್ಧ. 1934ರಲ್ಲಿ ಆತ ಎಂಪೈರ್ ಸ್ಟೇಟ್ ಕಟ್ಟಡದ ಮೇಲಿನಿಂದಲೇ ಇದರ ಪ್ರಯೋಗಗಳನ್ನು ನಡೆಸಿದ. ಮರುವರ್ಷ ಆರ್.ಸಿ.ಎ. ಸಂಸ್ಥೆ ತನ್ನ ಟೆಲಿವಿಷನ್ ಪ್ರಯೋಗಗಳಿಗೆ ಜಾಗ ಬೇಕೆಂದು ಹೇಳಿ ಆತನ ಸಲಕರಣೆಗಳನ್ನು ಅಲ್ಲಿಂದ ತೆಗೆಸಿತು.

ಆರ್ಮ್‌ಸ್ಟ್ರಾಂಗ್ ಕೈಕಟ್ಟಿ ಕೂಡಲಿಲ್ಲ. ಹಡ್ಸನ್ ನದಿಯ ದಂಡೆಯ ಎತ್ತರವಾದ ಬಂಡೆಗಳ ಮೇಲೆ 1938ರಲ್ಲಿ ತನ್ನದೇ ಗೋಪುರವನ್ನು ಕಟ್ಟಿಸಿದ. ಮೂರು ಜೊತೆ ತೋಳುಗಳನ್ನು ಚಾಚಿ ನಿಂತ, ಸುಮಾರು 130 ಮೀಟರು ಎತ್ತರದ ಆ ಉಕ್ಕಿನ ಗೋಪುರದಿಂದ ಎಫ್.ಎಂ. ಪ್ರಸಾರವನ್ನು ನಡೆಸಿದ. ಪೇಟೆಂಟುಗಳಿಗಾಗಿ ದೀರ್ಘಕಾಲ ವ್ಯಾಜ್ಯವಾಡಿ ಬಳಲಿ 1954ರಲ್ಲಿ ಆತ ಪ್ರಾಣತ್ಯಾಗ ಮಾಡಿದ. ಗೋಪುರ ಮಾತ್ರ ಉಳಿಯಿತು. ಟೆಲಿವಿಷನ್ನಿಗೆ ಜಾಗ ಬಿಟ್ಟುಕೊಟ್ಟು ಹೊರನಡೆದವನ ಗೋಪುರವೇ 63 ವರ್ಷಗಳ ಅನಂತರ ಜಾಗವಿಲ್ಲದ ಟೆಲಿವಿಷನ್ನಿಗೆ ಆಸರೆ ಕೊಟ್ಟಿತು.

ಹೊಸ ಜಾಗದ ತೊಡಕುಗಳು

ಕೆಲವೇ ದಿನಗಳಲ್ಲಿ ಹಲವು ನಿಲಯಗಳು ಆಲ್ಪೈನ್ ಗೋಪುರದಿಂದ ಪ್ರಸಾರವನ್ನು ಆರಂಭಿಸಿದವು. ಆ ದಿನಗಳಲ್ಲಿ ಅಮೆರಿಕದ ನಾಗರಿಕ ವಿಮಾನಗಳ ಹಾರಾಟ ನಿಂತಿದ್ದಿತು. ದೂರದ ಕಾರ್ಖಾನೆಗಳಿಂದ ಬೇಕಾದ ಭಾರವಾದ ಸಾಮಗ್ರಿಗಳಿಗೆ ರಸ್ತೆಯ ದಾರಿಯೇ ಗತಿಯಾಯಿತು. ಹೊಸ ಜಾಗದಿಂದ ಹೊಸ ಬಲದಲ್ಲಿ ಪ್ರಸಾರ ಮಾಡಬೇಕಾದರೆ ಅಮೆರಿಕದ ಫೆಡರಲ್ ಸಂಪರ್ಕ ಆಯೋಗದ ಅನುಮತಿ ಅವಶ್ಯ. ಸಾಮಾನ್ಯವಾಗಿ ತಿಂಗಳುಗಟ್ಟಲೆ ಹಿಡಿಯುವ ಈ ಕೆಲಸಕ್ಕೆ ಆಯೋಗವು ತಾತ್ಕಾಲಿಕ ಅನುಮತಿಗಳನ್ನು ಕೂಡಲೆ ಕೊಟ್ಟು ದಾರಿ ಮಾಡಿತು. ಭೌತಶಾಸ್ತ್ರದ ನಿಯಮಗಳು ಹೀಗೆ ಸಡಿಲವಾಗುವಂತಹವಲ್ಲ!

ಮೊದಲನೆಯ ತೊಡಕು ದೂರ. ಆಲ್ಪೈನ್ ಗೋಪುರ ಹಳೆಯ ಕಂಬದಿಂದ ಉತ್ತರಕ್ಕೆ ಸುಮಾರು 28 ಕಿಲೋಮೀಟರು ಆಚೆಗಿದೆ. ಬ್ರೂಕ್ಲಿನ್ನಿನ ದಕ್ಷಿಣ ತುದಿಯಲ್ಲಿರುವ ಕೋನಿ ಐಲೆಂಡನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿಗೆ ಹಳೆಯ ಕಂಬ ಸುಮಾರು 15 ಕಿಲೋಮೀಟರು ದೂರದಲ್ಲಿದ್ದಿತು. ಆಲ್ಪೈನ್ 43 ಕಿಲೋಮೀಟರು ದೂರ. ಅಲೆಯ ಬಲ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಆದುದರಿಂದ ಪ್ರೇಷಕದ ಶಕ್ತಿ ಮೊದಲಿನಷ್ಟೇ ಇದ್ದರೂ, ನಡುವೆ ಯಾವ ಅಡ್ಡಿಯೂ ಇಲ್ಲವೆಂದು ಭಾವಿಸಿದರೂ ಅಲ್ಲಿಗೆ ತಲುಪುವ ಶಕ್ತಿ ಎಂಟನೆಯ ಒಂದಂಶ ಮಾತ್ರ. ಅವಸರದಲ್ಲಿ ಸ್ಥಾಪಿಸಿದ ಪ್ರೇಷಕಗಳ ಶಕ್ತಿಯೂ ಕಡಮೆಯಾದರೆ ನಷ್ಟ ಇಮ್ಮಡಿಯಾಗುತ್ತದೆ.

ಎರಡನೆಯದು ನೆರಳು. ಬಂಡೆಯ ಎತ್ತರ ಸುಮಾರು 150 ಮೀಟರು, ಗೋಪುರದ್ದು 130. ಒಟ್ಟು 280 ಮೀಟರು ಎತ್ತರಕ್ಕೆ ದಿಗಂತ 69 ಕಿಲೋಮೀಟರು. ಕಾಗದದ ಮೇಲೆ ಇದು ಸಾಕಾದಷ್ಟಿದೆ. ಆದರೆ ಆಲ್ಪೈನ್ ಮತ್ತು ಬ್ರೂಕ್ಲಿನ್ನುಗಳ ನಡುವೆ ಮ್ಯಾನ್‌ಹಟನ್ನಿನ ಗಗನಚುಂಬಿ ಕಟ್ಟಡಗಳು ಕಾಡಿನಂತೆ ನಿಂತಿವೆ. ಹಳೆಯ ಕಂಬ ಆ ಕಾಡಿನ ಎಲ್ಲ ಮರಗಳಿಗಿಂತ ಎತ್ತರದಲ್ಲಿದ್ದುದರಿಂದ ಅದರ ಬೆಳಕು ಮೇಲಿನಿಂದ ಇಳಿಯುತ್ತಿದ್ದಿತು. ಈಗಲಾದರೋ ಅಲೆಗಳು ಪಕ್ಕದಿಂದ ಬಂದು ಕಟ್ಟಡಗಳಿಗೆ ಬಡಿದವು. ಬ್ರೂಕ್ಲಿನ್ ಮತ್ತು ಕ್ವೀನ್ಸ್ ಭಾಗಗಳಲ್ಲಿ ಅನೇಕರಿಗೆ ಚಿತ್ರ ಸರಿಯಾಗಿ ಬಾರದೆ ಹೋದುದಕ್ಕೆ ಇದು ಮುಖ್ಯ ಕಾರಣ.

ಇಲ್ಲಿ ಅಲೆಯುದ್ದದ ಪಾತ್ರವೂ ಇದೆ. ಕೆರೆಯ ನೀರಿನ ದೊಡ್ಡ ಅಲೆಯೊಂದು ನೆಟ್ಟ ಗೂಟವನ್ನು ಬಳಸಿಕೊಂಡು ಮುಂದೆ ಸೇರಿಬಿಡುತ್ತದೆ; ಗೂಟದ ಹಿಂದೆ ನೆರಳೇ ಬೀಳದು. ಸಣ್ಣ ಕಿರುದೆರೆಗಳಿಗೆ ಅದೇ ಗೂಟ ದೊಡ್ಡ ತಡೆಯಾಗುತ್ತದೆ. ಹಾಗೆಯೇ 5 ಮೀಟರು ಉದ್ದದ ಅಲೆ ಕಟ್ಟಡದ ಅಂಚಿನಲ್ಲಿ ತಕ್ಕಮಟ್ಟಿಗೆ ಬಾಗಿ ನೆರಳಿನೊಳಕ್ಕೆ ನುಸುಳಬಲ್ಲದು. ಅರ್ಧ ಮೀಟರಿನ ಅಲೆಗೆ ಅದು ಅಷ್ಟು ಸಾಧ್ಯವಿಲ್ಲ. ಆದುದರಿಂದ ಒಂದೇ ಗೋಪುರದಿಂದ ಹೊರಟ ಎರಡು ಚಾನೆಲುಗಳಲ್ಲಿ ಒಂದು ಮನೆಗೆ ತಲುಪಿ ಇನ್ನೊಂದು ತಲುಪದಿರುವುದು ಆಶ್ಚರ್ಯವಲ್ಲ.

ಮೂರನೆಯದು ದಿಕ್ಕು. ಮನೆಗಳ ಮೇಲಿನ ಆಂಟೆನಗಳೆಲ್ಲ ವರ್ಷಗಳಿಂದ ಹಳೆಯ ಕಂಬದತ್ತ ಮುಖಮಾಡಿದ್ದವು. ಕ್ವೀನ್ಸಿನ ಜಮೈಕ ಎಂಬಲ್ಲಿಂದ ನೋಡಿದರೆ ಹಳೆಯ ಕಂಬ ನೇರ ಪಶ್ಚಿಮಕ್ಕಿದ್ದಿತು. ಆಲ್ಪೈನ್ ಹೆಚ್ಚು ಕಡಮೆ ಉತ್ತರಕ್ಕಿದೆ. ಅಲ್ಲಿಯ ಮನೆಯವನು ತನ್ನ ಆಂಟೆನವನ್ನು ಸುಮಾರು 70 ಡಿಗ್ರಿ ಬಲಕ್ಕೆ ತಿರುಗಿಸದ ಹೊರತು ಚಿತ್ರ ಬಾರದು. ಪ್ರೇಷಕದ ಜಾಗ ಬದಲಾದರೆ ಲಕ್ಷಾಂತರ ಮನೆಗಳ ಮಾಳಿಗೆಯಲ್ಲೂ ಕೆಲಸ ಬೀಳುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮರಳಿ ಹಳೆಯ ಮನೆಗೆ

ಆಲ್ಪೈನ್ ತಾತ್ಕಾಲಿಕ ಆಸರೆಯೇ ಹೊರತು ಶಾಶ್ವತ ಮನೆಯಲ್ಲ. ನಗರದ ನಡುವೆ 381 ಮೀಟರು ಎತ್ತರದ ಮಾಳಿಗೆಯೂ ಅದರ ಮೇಲೆ 443 ಮೀಟರು ಮುಟ್ಟುವ ಕಂಬವೂ ಉಳ್ಳ ಎಂಪೈರ್ ಸ್ಟೇಟ್ ಕಟ್ಟಡವೇ ಉಳಿದ ಉತ್ತಮ ಜಾಗ. ಮುಂದಿನ ತಿಂಗಳುಗಳಲ್ಲಿ ಮತ್ತು ವರ್ಷಗಳಲ್ಲಿ ನಿಲಯಗಳು ಅಲ್ಲಿಗೆ ಮರಳಿದವು. ಈ ಮರಳುವಿಕೆಯೂ ಸಾಮಾನ್ಯ ಕಾರ್ಯವಲ್ಲ.

ಆಂಟೆನವು ಯಾವ ಅಲೆಗಾದರೂ ಹೊಂದುವ ಸಾಧಾರಣ ಕಂಬಿಯಲ್ಲ. ಅದರ ಅಳತೆ ಅಲೆಯುದ್ದಕ್ಕೆ ಅನುಗುಣವಾಗಿರಬೇಕು. 4ನೆಯ ಚಾನೆಲಿನ ಅಲೆಯ ಅರ್ಧ ಉದ್ದ 2 ಮೀಟರಿಗಿಂತ ಸ್ವಲ್ಪ ಹೆಚ್ಚು. 7ನೆಯದರದು 85 ಸೆಂಟಿಮೀಟರು. ಒಂದಕ್ಕಾಗಿ ಮಾಡಿದ ಆಂಟೆನಕ್ಕೆ ಇನ್ನೊಂದರ ಪ್ರವಾಹವನ್ನು ಹರಿಸಿದರೆ ಶಕ್ತಿಯ ಬಹುಭಾಗ ಆಕಾಶಕ್ಕೆ ಹೋಗದೆ ಕೊಳವೆಯಾಕಾರದ ತಾಮ್ರದ ವಾಹಕದಲ್ಲಿ ಹಿಂದಕ್ಕೆ ಮರಳುತ್ತದೆ. ಹೋಗುವ ಅಲೆಯೂ ಮರಳುವ ಅಲೆಯೂ ಸೇರಿ ಸ್ಥಿರ ತರಂಗಗಳಾಗುತ್ತವೆ. ವಾಹಕದ ಕೆಲವೆಡೆ ವಿದ್ಯುತ್ ಒತ್ತಡ ಅತಿಯಾಗಿ ಕಿಡಿ ಹಾರಬಹುದು, ಪ್ರೇಷಕವೇ ಕೆಡಬಹುದು.

ಪ್ರತಿ ನಿಲಯಕ್ಕೂ ಬೇರೆ ಆಂಟೆನ ಹಾಕಲು ಕಂಬದಲ್ಲಿ ಜಾಗವಿಲ್ಲದಿದ್ದರೆ ಅನೇಕ ಚಾನೆಲುಗಳಿಗೆ ಹೊಂದುವ ಅಗಲವಾದ ವ್ಯಾಪ್ತಿಯ ಒಂದೇ ಆಂಟೆನವನ್ನು ನಿರ್ಮಿಸಿ, ಪ್ರೇಷಕಗಳನ್ನೆಲ್ಲ ಜೋಡಕ ಯಂತ್ರದ ಮೂಲಕ ಅದಕ್ಕೆ ಕೂಡಿಸುತ್ತಾರೆ. ಜೋಡಕವು ಪ್ರತಿ ಪ್ರೇಷಕದ ಪ್ರವಾಹವನ್ನು ಆಂಟೆನದ ಕಡೆಗೆ ಬಿಡಬೇಕು, ಇನ್ನೊಂದು ಪ್ರೇಷಕದೊಳಕ್ಕೆ ಹೋಗಗೊಡಬಾರದು. ಹಾಗೆ ಹೋದರೆ ಎರಡು ಕಂಪನಾಂಕಗಳು ಬೆರೆತು ಮೂರನೆಯದೊಂದು ಹುಟ್ಟುತ್ತದೆ. ಉದಾಹರಣೆಗೆ 90 ಮತ್ತು 100 ಮೆಗಾಹರ್ಟ್ಸಿನ ಎರಡು ರೇಡಿಯೊ ನಿಲಯಗಳು ಹೀಗೆ ಬೆರೆತರೆ 100ರ ಇಮ್ಮಡಿಯಿಂದ 90ನ್ನು ಕಳೆದು ಬರುವ 110 ಮೆಗಾಹರ್ಟ್ಸಿನ ಅಲೆಯೂ ಹೊರಬೀಳುತ್ತದೆ. ಅದು ವಿಮಾನಗಳಿಗೆ ದಾರಿ ತೋರುವ ರೇಡಿಯೊ ಸಂಕೇತಗಳ ವ್ಯಾಪ್ತಿ. ಮನೆಯ ಚಿತ್ರವನ್ನು ಸರಿಪಡಿಸುವ ಅವಸರದಲ್ಲಿ ವಿಮಾನ ಚಾಲಕನ ದಾರಿಯನ್ನು ತಪ್ಪಿಸಬಾರದಷ್ಟೆ! ಆದುದರಿಂದ ಹೊಸ ಪ್ರೇಷಕವೊಂದನ್ನು ಸೇರಿಸಿದಾಗಲೆಲ್ಲ ಇಂತಹ ಅನಗತ್ಯ ಅಲೆಗಳು ಹುಟ್ಟುತ್ತಿವೆಯೇ ಎಂದು ಅಳೆದು ನೋಡಬೇಕಾಗುತ್ತದೆ.

ಇದರ ಜೊತೆಗೆ ಕಂಬದ ಮೇಲೆ ಹತ್ತಿ ದುಡಿಯುವವರ ಕ್ಷೇಮವನ್ನೂ ನೋಡಬೇಕು. ಪ್ರಬಲವಾದ ರೇಡಿಯೊ ಅಲೆಗಳು ಶರೀರವನ್ನು ಬಿಸಿಮಾಡುತ್ತವೆ. ಒಬ್ಬರ ಆಂಟೆನವನ್ನು ಕಟ್ಟುವಾಗ ಅಕ್ಕಪಕ್ಕದ ನಿಲಯಗಳು ತಮ್ಮ ಶಕ್ತಿಯನ್ನು ತಗ್ಗಿಸಬೇಕು ಅಥವಾ ಪ್ರಸಾರವನ್ನೇ ನಿಲ್ಲಿಸಬೇಕು. ಆದುದರಿಂದ ಇಂತಹ ಕೆಲಸ ನಡೆಯುವುದು ಹೆಚ್ಚಾಗಿ ನೋಡುಗರು ಮಲಗಿದ ಅನಂತರ, ನಡುರಾತ್ರಿಯಿಂದ ಬೆಳಗಿನ ಜಾವದವರೆಗಿನ ಕೆಲವೇ ಗಂಟೆಗಳಲ್ಲಿ. ಚಳಿ, ಗಾಳಿ, ಹಿಮಗಳೂ ಆ ಗಂಟೆಗಳಲ್ಲಿ ಪಾಲು ಕೇಳುತ್ತವೆ.

ಅನಂತರ ನಿಲಯಗಳು ಒಟ್ಟುಗೂಡಿ ಮೆಟ್ರೊಪಾಲಿಟನ್ ಟೆಲಿವಿಷನ್ ಅಲಯನ್ಸ್ ಎಂಬ ಕೂಟವನ್ನು ರಚಿಸಿಕೊಂಡು ಹೊಸ ಗೋಪುರವನ್ನು ಕಟ್ಟುವ ವಿಚಾರವನ್ನೂ ಮಾಡಿದವು. ಆ ಪ್ರತ್ಯೇಕ ಗೋಪುರ ಏಳಲಿಲ್ಲ. 2009ನೆಯ ಜೂನ್ 12ರಂದು ಅಮೆರಿಕದ ಪೂರ್ಣಶಕ್ತಿಯ ಟೆಲಿವಿಷನ್ ನಿಲಯಗಳು ಹಳೆಯ ಪದ್ಧತಿಯನ್ನು ತೊರೆದು ಅಂಕೀಯ ಪದ್ಧತಿಗೆ ಸಂಪೂರ್ಣವಾಗಿ ತಿರುಗಿದವು. ಹಳೆಯ ಪದ್ಧತಿಯಲ್ಲಿ ಅಲೆಯ ಬಲ ಕುಗ್ಗಿದಂತೆ ಚಿತ್ರ ಮೆಲ್ಲಮೆಲ್ಲನೆ ಮಸುಕಾಗುತ್ತಿದ್ದಿತು. ಅಂಕೀಯ ಚಿತ್ರವಾದರೋ ಒಂದು ಮಿತಿಯವರೆಗೆ ನಿರ್ಮಲವಾಗಿದ್ದು, ಆ ಮಿತಿ ದಾಟಿದೊಡನೆ ಪ್ರಪಾತಕ್ಕೆ ಬಿದ್ದಂತೆ ಒಮ್ಮೆಗೇ ಇಲ್ಲವಾಗುತ್ತದೆ. ಎತ್ತರದ ಅವಶ್ಯಕತೆ ಇದರಿಂದ ತಗ್ಗಲಿಲ್ಲ. ಹಳೆಯ ಗೋಪುರಗಳ ನಿವೇಶನದಲ್ಲಿ 541 ಮೀಟರು ಎತ್ತರದ ಒನ್ ವರ್ಲ್ಡ್ ಟ್ರೇಡ್ ಸೆಂಟರ್ 2014ರಲ್ಲಿ ತೆರೆಯಿತು. 2017ರಲ್ಲಿ ಕೆಲವು ನಿಲಯಗಳು ಅದರ ಶಿಖರದಿಂದ ಪ್ರಸಾರವನ್ನು ಪ್ರಾರಂಭಿಸಿದವು.

ತಿಳಿಯಬೇಕಾದ ಪಾಠ

ಈ ಘಟನೆಯಿಂದ ವಿದ್ಯಾರ್ಥಿಗಳು ತಿಳಿಯಬೇಕಾದ ಮುಖ್ಯ ತತ್ತ್ವವೊಂದಿದೆ. ಯಾವ ಯಂತ್ರವ್ಯವಸ್ಥೆಯನ್ನಾದರೂ ನಾವು ಎರಡು ಬಗೆಯಿಂದ ಅಳೆಯಬಹುದು. ಎಲ್ಲವೂ ಸರಿಯಾಗಿರುವಾಗ ಅದು ಎಷ್ಟು ಚೆನ್ನಾಗಿ ನಡೆಯುತ್ತದೆ ಎಂಬುದು ಒಂದು. ಒಂದು ಭಾಗ ಕೆಟ್ಟಾಗ ಎಷ್ಟು ಉಳಿಯುತ್ತದೆ ಎಂಬುದು ಇನ್ನೊಂದು. ಉತ್ತರ ಗೋಪುರದ ಕಂಬ ಮೊದಲನೆಯ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಮೇಲಿದ್ದಿತು. ಎರಡನೆಯದರಲ್ಲಿ ಗೆದ್ದುದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ, ಹೆಚ್ಚು ಕಡಮೆ ಕೆಲಸವಿಲ್ಲದೆ ಕುಳಿತಿದ್ದ ಒಂದು ಬದಲಿ ಪ್ರೇಷಕ.

ಬದಲಿ ಯಂತ್ರವನ್ನು ಇಟ್ಟು ಕಾಪಾಡುವುದು ವೆಚ್ಚದ ಕೆಲಸ. ಸುಖದ ದಿನಗಳಲ್ಲಿ ಲೆಕ್ಕ ನೋಡುವವರಿಗೆ ಅದು ದಂಡವೆಂದೇ ತೋರುತ್ತದೆ. ಅದರ ಬೆಲೆ ತಿಳಿಯುವುದು ಒಂದೇ ಒಂದು ದಿನ. ಆ ದಿನ ಯಾವಾಗ ಬರುವುದೆಂದು ಯಾರೂ ಹೇಳಲಾರರು. ಹೊಲಕ್ಕೆ ಬೀಜ ಬಿತ್ತಿದ ಮೇಲೂ ಒಂದಿಷ್ಟು ಬೀಜವನ್ನು ಕಣಜದಲ್ಲಿ ಉಳಿಸಿಕೊಳ್ಳುವ ರೈತನಿಗೆ ಈ ತತ್ತ್ವ ಎಂದಿನಿಂದಲೂ ಗೊತ್ತು. ಅಣೆಕಟ್ಟು, ವಿದ್ಯುತ್ ಜಾಲ, ಆಸ್ಪತ್ರೆ, ದೂರವಾಣಿ ಇವುಗಳನ್ನು ಮುಂದೆ ಕಟ್ಟಿ ನಡೆಸಬೇಕಾದ ಇಂದಿನ ವಿದ್ಯಾರ್ಥಿಗಳು ನಕ್ಷೆ ಬರೆಯುವಾಗಲೆಲ್ಲ ಇದು ಮುರಿದರೆ ಮುಂದೇನು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಯಂತ್ರಗಳನ್ನು ಮತ್ತೆ ತರಬಹುದು, ಕಂಬವನ್ನು ಮತ್ತೆ ನಿಲ್ಲಿಸಬಹುದು. ಯಂತ್ರದ ಬಳಿಯೇ ಉಳಿದ ಆ ಆರು ಮಂದಿಗೆ ಬದಲಿಲ್ಲ.